ಓಡದ ಸ್ಕ್ರಿಪ್ಟ್ ಮತ್ತು ಕಾಣದ ಮೂರು ಬೈಟುಗಳು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಗ್ರಂಥಾಲಯವೊಂದಕ್ಕೆ ಪುಸ್ತಕ ಹುಡುಕುವ ಸಣ್ಣ ಸ್ಕ್ರಿಪ್ಟೊಂದನ್ನು (ಪ್ರೋಗ್ರಾಮನ್ನು) ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದೆ. ಪೆರ್ಲದವನು ಪರ್ಲ್ ಅಲ್ಲದೆ ಇನ್ನೇನು ಕಲಿಯುತ್ತಾನೆ ಎಂಬ ತಮಾಷೆಯನ್ನು ಸಾಕಷ್ಟು ಕೇಳಿಯಾಗಿದೆ. ಸಂದೇಶಗಳೆಲ್ಲ ಇಂಗ್ಲಿಷಿನಲ್ಲಿದ್ದಷ್ಟು ದಿನ ಅಪಾಚೆ ಎಂಬ ವೆಬ್ ಸರ್ವರಿನಲ್ಲಿ ಅದು ತಕರಾರಿಲ್ಲದೆ ಓಡಿತು. ‘ಪುಸ್ತಕ ಸಿಗಲಿಲ್ಲ’ ಮುಂತಾದ ಸಂದೇಶಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ಸೇರಿಸಿ, ಹೊಸ ಹೆಸರಿನಲ್ಲಿ ಫೈಲನ್ನು ಏರಿಸಿದ ಮರುದಿನ ಕಾರ್ಯದರ್ಶಿಯವರ ಫೋನ್ ಬಂತು: “ಮಾಷ್ಟ್ರೇ, ಏನು ಹುಡುಕಿದರೂ 500 ಅಂತ ಮಾತ್ರ ಬರುತ್ತದಲ್ಲಾ?”

ಸರ್ವರಿನೊಳಗೆ ಏನೋ ಕೆಟ್ಟಿದೆ ಎಂಬುದಕ್ಕಿಂತ ಹೆಚ್ಚಿನದೇನನ್ನೂ 500 ಹೇಳುವುದಿಲ್ಲ. ಆದರೂ ಸರ್ವರ್ ತನ್ನ ದೋಷಗಳನ್ನು ಬರೆದಿಡುವ ಎರರ್ ಲಾಗನ್ನು ತೆರೆಯದೆ, ಹುಡುಕಾಟದ ಭಾಗವನ್ನೇ ತಿದ್ದುತ್ತಾ ನಾನು ಒಂದು ಸಂಜೆ ಕಳೆದದ್ದು ಶುದ್ಧ ದಡ್ಡತನ. ಸರ್ವರಿಗೆ ಲಾಗಿನ್ ಆಗಿ, ಪರ್ಲ್ ಎಂಬ ಆದೇಶದ ಮುಂದೆ ಫೈಲಿನ ಹೆಸರು ಕೊಟ್ಟರೆ ಸ್ಕ್ರಿಪ್ಟ್ ಸರಿಯಾಗಿಯೇ ಓಡುತ್ತಿದ್ದುದು ನನ್ನನ್ನು ಇನ್ನಷ್ಟು ದಾರಿ ತಪ್ಪಿಸಿತು. ಹಾಗೆ ಓಡಿಸುವಾಗ ಫೈಲಿಗೆ ಎಕ್ಸಿಕ್ಯೂಟ್ (ಓಡಿಸುವ) ಅನುಮತಿ ಬೇಕಿಲ್ಲ, ಪರ್ಲ್ ಎಲ್ಲಿದೆಯೆಂದು ತಿಳಿಸುವ #! ಸಾಲೂ ಬೇಕಿಲ್ಲ; ಅಪಾಚೆಗೆ ಎರಡೂ ಬೇಕು.

ಕೊನೆಗೆ ಲಾಗ್ ತೆರೆದಾಗ ‘ಪರ್ಮಿಷನ್ ಡಿನೈಡ್’ ಎಂದಿತ್ತು. ಹೊಸ ಫೈಲಿಗೆ ಓಡಿಸಲು ಬಿಡದ 644 ಅನುಮತಿ ಬಂದಿತ್ತು, ಓಡಿಸಲು ಬಿಡುವ 755 ಮಾಡಿದೆ. ಆಗ ದೂರು ಬದಲಾಗಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’, ಅಂದರೆ ಫೈಲಿನ ರೂಪ ಓಡಿಸುವಂಥದ್ದಲ್ಲ, ಎಂದಾಯಿತು. ಎಡಿಟರಿನಲ್ಲಿ ಮೊದಲ ಸಾಲು ನಿರ್ದೋಷಿಯಂತೆ ಕಾಣುತ್ತಿತ್ತು. ಬೈಟುಗಳನ್ನು ಬಿಡಿಬಿಡಿಯಾಗಿ ತೋರಿಸುವ ಆದೇಶಕ್ಕೆ ಅದೇ ಸಾಲನ್ನು ಕೊಟ್ಟಾಗ #! ಚಿಹ್ನೆಗೂ ಮೊದಲು 357 273 277 ಎಂಬ ಮೂರು ಸಂಖ್ಯೆಗಳು ಕುಳಿತಿದ್ದವು. ಕನ್ನಡ ಸೇರಿಸಿದ ಮೇಲೆ ನನ್ನ ಹಳೆಯ ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಆರಿಸಿ ಉಳಿಸಿದ್ದೆನಲ್ಲ, ಆಗ ಅದು ಫೈಲಿನ ತಲೆಗೆ ತಾನಾಗಿ ಅಂಟಿಸಿದ ‘ಬಾಮ್’ (ಬೈಟ್ ಆರ್ಡರ್ ಮಾರ್ಕ್) ಎಂಬ ಗುರುತು ಅದು. ಮೊದಲ ಎರಡು ಬೈಟುಗಳು #! ಆಗಿದ್ದರೆ ಮಾತ್ರ ಸರ್ವರಿನ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನೆಲ್ ಫೈಲನ್ನು ಸ್ಕ್ರಿಪ್ಟ್ ಎಂದು ಗುರುತಿಸುತ್ತದೆ. ವಿಮ್ ಎಡಿಟರಿನಲ್ಲಿ ಈ ಗುರುತನ್ನು ತೆಗೆಯುವ ಆದೇಶದ ಹೆಸರು ‘ನೋಬಾಂಬ್’. ಆ ಹೊತ್ತಿಗೆ ಹೆಸರು ಸರಿಯಾಗಿಯೇ ಇದೆ ಅನಿಸಿತು.

ಅನಂತರದ ದೂರು ‘ನೋ ಸಚ್ ಫೈಲ್’. ಫೈಲ್ ಕಣ್ಣೆದುರಿಗೇ ಇದೆ, ಸರ್ವರ್ ಇಲ್ಲವೆನ್ನುತ್ತಿದೆ! ಸಿಗದಿದ್ದದ್ದು ಸ್ಕ್ರಿಪ್ಟ್ ಅಲ್ಲ, ಪರ್ಲ್. ಹಿಂದೆ ಫೈಲುಗಳನ್ನು ಸರ್ವರಿಗೆ ಕಳಿಸುವ ಎಫ್‌ಟಿಪಿಯ ಆಸ್ಕಿ (ಪಠ್ಯದ) ವಿಧಾನದಲ್ಲಿ ಏರಿಸುತ್ತಿದ್ದುದರಿಂದ ವಿಂಡೋಸಿನ ಸಾಲುಕೊನೆಯ ಗುರುತುಗಳು ಲಿನಕ್ಸಿಗೆ ಹೊಂದುವಂತೆ ತಾವಾಗಿ ಬದಲಾಗುತ್ತಿದ್ದವು. ಈ ಸಲ ಏನನ್ನೂ ಬದಲಿಸದ ಬೈನರಿ ವಿಧಾನದಲ್ಲಿ ಏರಿಸಿದ್ದೆ. ಹೀಗಾಗಿ ಪರ್ಲ್ ಎಂಬ ಹೆಸರಿನ ಬಾಲಕ್ಕೆ ವಿಂಡೋಸಿನ ಸಾಲುಕೊನೆಯಲ್ಲಿರುವ ಕ್ಯಾರಿಯೇಜ್ ರಿಟರ್ನ್ ಎಂಬ ಕಾಣದ ಬೈಟೊಂದು ಅಂಟಿಕೊಂಡು, ಆ ಹೆಸರಿನ ಪ್ರೋಗ್ರಾಮೇ ಸಿಗುತ್ತಿರಲಿಲ್ಲ. ಆಗಲೇ ನೋಡಿದ ಬೈಟುಗಳ ಸಾಲಿನ ತುದಿಯಲ್ಲಿಯೇ ಅದೂ ಇತ್ತು. ತಲೆಯನ್ನು ಮಾತ್ರ ನೋಡಿ ಬಾಲವನ್ನು ಬಿಟ್ಟಿದ್ದೆ.

ಅದನ್ನೂ ತೆಗೆದ ಮೇಲೆ ಪುಟ ತೆರೆಯಿತು, ಆದರೆ ಎರಡೂ ಲಿಪಿಗಳು ಕಲಸುಮೇಲೋಗರವಾಗಿದ್ದವು. ಪುಟದ ಬಗೆಯನ್ನು ಬ್ರೌಸರಿಗೆ ತಿಳಿಸುವ ಕಂಟೆಂಟ್-ಟೈಪ್ ಸಾಲಿಗೆ ಯುಟಿಎಫ್-8 ಎಂದು ಸೇರಿಸಿ ಕಾರ್ಯದರ್ಶಿಯವರಿಗೆ ತಿಳಿಸಿದೆ. ಅವರು ಮೊದಲು ಹುಡುಕಿದ ಪುಸ್ತಕವೇ ಗ್ರಂಥಾಲಯದಲ್ಲಿರಲಿಲ್ಲ. ‘ಪುಸ್ತಕ ಸಿಗಲಿಲ್ಲ’ ಎಂದು ಎರಡೂ ಭಾಷೆಗಳಲ್ಲಿ ಸ್ಪಷ್ಟವಾಗಿ ಬಂತಂತೆ.