ಜ್ವರದ ಜೊತೆ ಕುಂಟುವ ಮಗು: ಮೂಳೆ ಸೋಂಕನ್ನು ಹಿಡಿಯುವ ಬಗೆ

ಮಗುವಿಗೆ ಜ್ವರ, ಒಂದು ಕಾಲು ನೆಲಕ್ಕೆ ಊರುತ್ತಿಲ್ಲ. "ಎಲ್ಲೋ ಬಿದ್ದು ಉಳುಕಿಸಿಕೊಂಡಿರಬೇಕು" ಎಂದು ಎಣ್ಣೆ ಹಚ್ಚಿ ನೀವಬೇಡಿ, ಪಟ್ಟು ಹಾಕಿಸಬೇಡಿ. ಉಳುಕಿಗೆ ಜ್ವರ ಬರುವುದಿಲ್ಲ. ಅಂದೇ ಆಸ್ಪತ್ರೆಗೆ ತೋರಿಸಿ.

ಮಕ್ಕಳ ಮೂಳೆಗೆ ಸೋಂಕು ಬರುವುದು ಹೆಚ್ಚಾಗಿ ರಕ್ತದಿಂದ. ಉದ್ದ ಮೂಳೆಯ ತುದಿಯಲ್ಲಿ, ಬೆಳವಣಿಗೆಯ ಫಲಕದ (ಮೂಳೆ ಉದ್ದಕ್ಕೆ ಬೆಳೆಯುವ ಮೃದು ಪದರ) ಪಕ್ಕ, ರಕ್ತದ ಓಟ ನಿಧಾನ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೀಡುಬಿಡುವುದು ಅಲ್ಲೇ. ಮೊಣಕಾಲಿನ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಹೆಚ್ಚಾಗಿ ಕಾಣುವುದು ಇದಕ್ಕೇ. ಕೀವು ಹೊರಬಂದು ಮೂಳೆಯ ಮೇಲ್ಪೊರೆಯನ್ನು ಎಬ್ಬಿಸಿದರೆ ರಕ್ತ ತಪ್ಪಿ ಮೂಳೆಯ ತುಂಡೇ ಸಾಯುತ್ತದೆ. ಸತ್ತ ತುಂಡಿಗೆ ಔಷಧಿಯೂ ತಲುಪದು. ಒಂದೂವರೆ ವರ್ಷದೊಳಗಿನ ಕೂಸುಗಳಲ್ಲಿ ರಕ್ತನಾಳಗಳು ಫಲಕವನ್ನು ದಾಟುವುದರಿಂದ ಸೋಂಕು ಕೀಲಿಗೂ ಇಳಿಯಬಹುದು. ನವಜಾತ ಶಿಶುವಿಗೆ ಜ್ವರವೇ ಇರದೆ, ಒಂದು ಕೈಯೋ ಕಾಲೋ ಆಡದಿರುವುದಷ್ಟೇ ಕಾಣಬಹುದು.

ಪರೀಕ್ಷಿಸುವವರು ನೋವಿಲ್ಲದ ಕಾಲಿನಿಂದ ಶುರುಮಾಡಿ. ಆಮೇಲೆ ಒಂದೇ ಬೆರಳಿನಿಂದ, ನೋವಿನ ಜಾಗಕ್ಕೆ ದೂರದಿಂದ ಒತ್ತುತ್ತ ಬನ್ನಿ, ಕಣ್ಣು ಮಗುವಿನ ಮುಖದ ಮೇಲಿರಲಿ. ಮೂಳೆಯ ಮೇಲೆ ಒಂದೇ ಜಾಗ ಒತ್ತಿದಾಗ ಅತ್ತರೆ ಮೂಳೆಯ ಅನುಮಾನ. ಕೀಲನ್ನು ಚೂರು ಮಡಿಸಿದರೂ ಚೀರಿದರೆ ಕೀಲಿನೊಳಗೆ ಕೀವಿರಬಹುದು, ಅದು ತುರ್ತು. ಆಂಟಿಬಯೋಟಿಕ್‌ಗೆ ಮೊದಲೇ ಬ್ಲಡ್ ಕಲ್ಚರ್ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ), ಸಿಆರ್‌ಪಿ (ಉರಿಯೂತದ ಮಟ್ಟ ತೋರಿಸುವ ರಕ್ತಪರೀಕ್ಷೆ) ತೆಗೆಯಿರಿ. ಆದರೆ ಮಗು ತೀರಾ ಬಳಲಿದ್ದರೆ ಕಲ್ಚರ್‌ಗೆಂದು ಔಷಧಿ ತಡಮಾಡಬೇಡಿ.

ಎಲ್ಲರೂ ಎಡವುವುದು ಎಕ್ಸ್‌ರೇಯಲ್ಲಿ. "ಎಕ್ಸ್‌ರೇ ನಾರ್ಮಲ್, ಮನೆಗೆ ಹೋಗಿ" ಎನ್ನುವ ಮಾತಿಗೆ ಮೊದಲ ವಾರದಲ್ಲಿ ಬೆಲೆಯಿಲ್ಲ. ಮೂಳೆಯ ಖನಿಜದಲ್ಲಿ ಶೇ. 30ರಿಂದ 50ರಷ್ಟು ಕರಗದೆ ಚಿತ್ರದಲ್ಲಿ ಏನೂ ಕಾಣದು, ಅದಕ್ಕೆ 10ರಿಂದ 14 ದಿನ ಬೇಕು. ಆದರೂ ಎಕ್ಸ್‌ರೇ ಬಿಡಬೇಡಿ: ಮುರಿತ, ಗಡ್ಡೆ ಬೇರ್ಪಡಿಸಲು ಬೇಕು. ಎರಡು ದಿಕ್ಕಿನಿಂದ ತೆಗೆಸಿ. ಅಲ್ಟ್ರಾಸೌಂಡ್ ಮೂಳೆಯೊಳಗನ್ನು ತೋರಿಸದು, ಆದರೆ ಮೇಲ್ಪೊರೆಯಡಿಯ ಕೀವನ್ನೂ ಕೀಲಿನ ನೀರನ್ನೂ ತೋರಿಸುತ್ತದೆ, ಕೀವು ತೆಗೆಯುವ ಸೂಜಿಗೆ ದಾರಿಯನ್ನೂ.

ಖಚಿತವಾಗಬೇಕಾದರೆ ಎಂಆರ್‌ಐ. ಅದರಲ್ಲಿ ಟಿ1, ಸ್ಟಿರ್ ಎಂಬ ಎರಡು ಬಗೆಯ ಚಿತ್ರ ತೆಗೆಯುತ್ತಾರೆ; ಮಜ್ಜೆಯ ಊತ ಮೊದಲ ಕೆಲವು ದಿನಗಳಲ್ಲೇ ಟಿ1ರಲ್ಲಿ ಕಪ್ಪಾಗಿ, ಸ್ಟಿರ್‌ನಲ್ಲಿ ಬೆಳ್ಳಗೆ ಕಾಣುತ್ತದೆ. ಸ್ಟಿರ್ ಬೆಳಗಿ ಟಿ1 ಸಹಜವಾಗಿದ್ದರೆ ಅದು ಸೋಂಕಲ್ಲದ ಬರೀ ಪ್ರತಿಕ್ರಿಯೆಯ ಊತವೂ ಇರಬಹುದು. ಚಿಕ್ಕ ಮಕ್ಕಳಿಗೆ ಮಂಪರು ಬರುವ ಔಷಧಿ ಕೊಟ್ಟು ಎಂಆರ್‌ಐ ಮಾಡುವುದರಿಂದ ಊಟ, ಹಸುವಿನ ಹಾಲು 6 ಗಂಟೆ ಮೊದಲು, ಎದೆಹಾಲು 4 ಗಂಟೆ ಮೊದಲು ನಿಲ್ಲಿಸಬೇಕು. ಇದನ್ನು ಮರೆತು ಬಂದರೆ ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ.

ತೊಡಕಿಲ್ಲದ ಸೋಂಕಿಗೆ ಕೆಲವು ದಿನ ಇಂಜೆಕ್ಷನ್, ಆಮೇಲೆ ಮಾತ್ರೆ ಇಲ್ಲವೇ ಸಿರಪ್, ಒಟ್ಟು 3-4 ವಾರ. ಕುಂಟು ನಿಂತಿತೆಂದು ನಡುವೆ ಬಿಡಬೇಡಿ. ಗುಣದ ಲೆಕ್ಕವನ್ನು ಸಿಆರ್‌ಪಿ ಇಳಿಕೆಯಲ್ಲಿ ನೋಡಿ. ಮಗು ಚೇತರಿಸುತ್ತಿರುವಾಗಲೇ ಎಕ್ಸ್‌ರೇ ಮೊದಲಿಗಿಂತ ಕೆಟ್ಟದಾಗಿ ಕಾಣುವುದುಂಟು.