ಪೆಟ್ಟಿಗೆಯಿಂದ ಗೋಡೆಗೆ ಬಂದ ಹತ್ಯಾರಗಳು

ಕುಮಟಾ ಹತ್ತಿರದ ನಮ್ಮ ಮನೆಯಲ್ಲಿ ದನ ಸಾಕುವುದು ನಿಂತ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು. ಮಾಸ್ತರಿಕೆಯಿಂದ ನಿವೃತ್ತನಾದವನು ಅಲ್ಲೇ ಮರಗೆಲಸ ಶುರು ಮಾಡಿದೆ. ಮೊದಲು ಮಾಡಿದ್ದು ಹತ್ಯಾರ ಇಡಲು ಮುಚ್ಚಳದ ದೊಡ್ಡ ಪೆಟ್ಟಿಗೆ. ಜುಲೈಯಲ್ಲಿ ಮುಚ್ಚಳ ತೆಗೆದು ನೋಡಿದರೆ ಉಳಿಗಳೆಲ್ಲ ಕೆಂಪಗೆ! ನಮ್ಮ ಕರಾವಳಿಯ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಹೊಕ್ಕ ತೇವ ಹೊರಗೆ ಬರುವುದಿಲ್ಲ. ಅದೂ ಅಲ್ಲದೆ, ಬೇಕಾದ ಸ್ಪ್ಯಾನರ್ ಯಾವಾಗಲೂ ತಳದಲ್ಲೇ ಇರುತ್ತಿತ್ತು.

ಎಲ್ಲವನ್ನೂ ಗೋಡೆಗೇ ಹತ್ತಿಸೋಣ ಅಂದುಕೊಂಡೆ. 18 ಎಂಎಂ ಪ್ಲೈವುಡ್‌ನ ಆರಿಂಚು ಅಗಲದ ಪಟ್ಟಿ ತೆಗೆದುಕೊಂಡು, ಉದ್ದಕ್ಕೂ ನಡುವೆ 45 ಡಿಗ್ರಿ ಓರೆಯಾಗಿ ಸೀಳಿಸಿದೆ. ಅದನ್ನು ಆಚಾರಿಯ ಮಷಿನ್ನಿನಲ್ಲೇ ಮಾಡಿಸಿದ್ದು. ಕೈಗರಗಸದಲ್ಲಿ ನಾಲ್ಕಡಿ ಓರೆ ಸೀಳುವುದು ನನ್ನಿಂದಾಗದ ಕೆಲಸ. ಒಂದು ಅರ್ಧವನ್ನು ಓರೆ ಅಂಚು ಮೇಲೆ ಬರುವಂತೆ ಗೋಡೆಗೆ ಬಡಿಯಬೇಕು, ಓರೆ ಗೋಡೆಯ ಕಡೆ ಇಳಿದಿರಬೇಕು. ಇನ್ನೊಂದು ಅರ್ಧ ತಲೆಕೆಳಗಾಗಿ, ಹತ್ಯಾರ ತೂಗುಹಾಕುವ ಹಲಗೆಯ ಹಿಂದೆ. ಹಲಗೆಯನ್ನು ಸುಮ್ನೆ ಮೇಲಿಂದ ಇಳಿಬಿಟ್ಟರೆ ಎರಡೂ ಕಚ್ಚಿಕೊಳ್ಳುತ್ತವೆ. ಬೇಕಾದಾಗ ಎತ್ತಿ ಬೇರೆ ಕಡೆ ಹಾಕಬಹುದು. ಹಲಗೆಯ ಹಿಂದೆ, ಕೆಳಗಡೆಗೂ ಅಷ್ಟೇ ದಪ್ಪದ ತುಂಡು ಬೇಕು, ಇಲ್ಲದಿದ್ದರೆ ಒಳಕ್ಕೆ ವಾಲುತ್ತದೆ. ಹಿಂದೆ ಉಳಿಯುವ ಸಂದಿಯಲ್ಲಿ ಗಾಳಿ ಆಡುತ್ತದೆ, ನನಗೆ ಬೇಕಾದದ್ದೂ ಅದೇ.

ಮೂರನೇ ದಿನ ಪಟ್ಟಿ ಸಮೇತ ಎಲ್ಲ ನೆಲಕ್ಕೆ. ನಮ್ಮದು ಚಿರೇಕಲ್ಲಿನ, ಅಂದರೆ ಕೆಂಪು ಮುರಕಲ್ಲಿನ ಗೋಡೆ. ತಿರುಗುತ್ತಲೇ ಬಡಿಯುವ ಹ್ಯಾಮರ್ ಡ್ರಿಲ್ಲಿನಲ್ಲಿ ತೂತು ಹೊಡೆದು ಪ್ಲಾಸ್ಟಿಕ್ ಪ್ಲಗ್ ಹಾಕಿದ್ದೆ. ತೂತು ಒಳಗೊಳಗೇ ಪುಡಿಯಾಗಿ ದೊಡ್ಡದಾಗಿತ್ತು, ಪ್ಲಗ್ ಬೆರಳಲ್ಲೇ ತಿರುಗುತ್ತಿತ್ತು. ಆಚಾರಿ ಬಂದು ನೋಡಿ ನಕ್ಕ. "ಮಾಸ್ತರ್ರೇ, ಇದನ್ನ ಕಲ್ಲು ಅಂದ್ಕೊಂಡ್ರಾ? ಗಟ್ಟಿ ಮಣ್ಣು ಅಂದ್ಕೊಳ್ಳಿ. ಬಡಿಬೇಡಿ, ಬರೀ ತಿರುಗಿಸಿ."

ಅವನು ಹೇಳಿದಂತೆ ಹ್ಯಾಮರ್ ಬಂದ್ ಮಾಡಿ, ಬೇರೆ ಜಾಗದಲ್ಲಿ ಮೂರಿಂಚು ಆಳದ ತೂತು ಕೊರೆದೆ. ಒಣಗಿದ ಹಲಸಿನ ಕಟ್ಟಿಗೆಯಲ್ಲಿ ತುದಿ ಸ್ವಲ್ಪ ಸಪೂರವಿರುವ ಗೂಟ ಕೆತ್ತಿ, ಸುತ್ತಿಗೆಯಿಂದ ಬಿಗಿಯಾಗಿ ಹೊಡೆದು, ಗೋಡೆ ಮಟ್ಟಕ್ಕೆ ಕೊಯ್ದೆ. ಸ್ಕ್ರೂ ಆ ಗೂಟಕ್ಕೆ. ಹಸಿ ಕಟ್ಟಿಗೆ ಮಾತ್ರ ಬೇಡ, ಒಣಗಿದ ಮೇಲೆ ಸಡಿಲವಾಗುತ್ತದೆ. ಆಮೇಲೆ ಪಟ್ಟಿ ಹಿಡಿದು ಜೋತುಬಿದ್ದೂ ನೋಡಿದೆ. ಹೆಂಡತಿ ಒಳಗಿಂದ ಬೈದಳು.

ಸ್ಕ್ರೂ ಡ್ರೈವರ್‌ಗಳಿಗೆ ಎರಡಿಂಚು ಅಗಲದ ರೀಪಿನಲ್ಲಿ ಸಾಲಾಗಿ ತೂತು. ಮೊದಲು ಬರೀ ತೂತು ಮಾಡಿದ್ದೆ, ಪ್ರತಿ ಸಲ ಪೂರ್ತಿ ಮೇಲೆತ್ತಿ ತೆಗೆಯಬೇಕಿತ್ತು. ಈಗ ತೂತಿನಿಂದ ರೀಪಿನ ಮುಂದಿನ ಅಂಚಿನವರೆಗೆ ಗರಗಸದಿಂದ ಸೀಳಿದ್ದೇನೆ. ಸೀಳು ಕಂಬಿಗಿಂತ ಅಗಲ, ಹಿಡಿಗಿಂತ ಕಿರಿದು. ಒಂಚೂರು ಎತ್ತಿ ಮುಂದಕ್ಕೆಳೆದರೆ ಕೈಗೆ ಬಂತು.

ಮೊಳೆ, ಸ್ಕ್ರೂಗಳಿಗೆ ಉಪ್ಪಿನಕಾಯಿಯ ಗಾಜಿನ ಬಾಟಲಿ. ಮುಚ್ಚಳವನ್ನು ಹಲಗೆಯ ಅಡಿಗೆ ಸ್ಕ್ರೂ ಮಾಡಿ, ಬಾಟಲಿಯನ್ನು ಕೆಳಗಿಂದ ತಿರುಗಿಸಿ ಹಾಕುವುದು. ಮುಚ್ಚಳಕ್ಕೆ ಎರಡು ಸ್ಕ್ರೂ ಬೇಕೇ ಬೇಕು. ಒಂದೇ ಆದರೆ ಬಾಟಲಿ ಬಿಚ್ಚಲು ಹೋದಾಗ ಮುಚ್ಚಳವೂ ಜೊತೆಗೇ ತಿರುಗುತ್ತದೆ. ಬಾಟಲಿಯನ್ನು ಚೆನ್ನಾಗಿ ತೊಳೆಯಿರಿ. ಉಪ್ಪು ಉಳಿದರೆ ಮೊಳೆಯ ಕತೆ ಮುಗಿಯಿತು.

ತುಕ್ಕು ಪೂರ್ತಿ ಹೋಗಿಲ್ಲ, ಕಮ್ಮಿಯಾಗಿದೆ. ಮೊದಲ ವರ್ಷ ತೆಂಗಿನೆಣ್ಣೆ ಸವರಿದ್ದೆ. ಅದು ಜಿಗುಟಾಗಿ ಮರದ ಪುಡಿಯೆಲ್ಲ ಅಂಟಿತು. ಈಗ ಹೊಲಿಗೆ ಮಷಿನ್ ಎಣ್ಣೆ ಹಾಕಿದ ಹಳೇ ಬನಿಯನ್ ತುಂಡೊಂದು ಉಳಿಗಳ ಪಕ್ಕದಲ್ಲೇ ಮೊಳೆಗೆ ತೂಗುತ್ತಿದೆ. ಉಳಿ ವಾಪಸ್ ಇಡುವ ಮೊದಲು ಅದರಲ್ಲಿ ಒಮ್ಮೆ ಒರೆಸುತ್ತೇನೆ.