ಮಕ್ಕಳು, ಅತ್ತೆ, ಮಂಡಿನೋವು ಎಲ್ಲ ಜೊತೆಗಿದ್ದಾಗ ಯಾವ ಬೀಚ್?

ನನ್ನ ತವರು ಮಲ್ಪೆ, ಮದುವೆಯಾಗಿ ಬಂದಿದ್ದು ದಾವಣಗೆರೆಗೆ. ಹಾಗಾಗಿ ಡಿಸೆಂಬರ್ ರಜೆ ಹತ್ತಿರ ಬಂದರೆ ಸಾಕು, ಗಂಡನ ಕಡೆಯ ನೆಂಟರೆಲ್ಲ ನನಗೇ ಫೋನ್ ಮಾಡುತ್ತಾರೆ: "ಯಾವ ಬೀಚ್ ಚೆನ್ನಾಗಿದೆ?" ಸೋಮೇಶ್ವರದಿಂದ ಕಾರವಾರದವರೆಗೆ ಚೆನ್ನಾಗಿಲ್ಲದ ಬೀಚ್ ಯಾವುದಿದೆ ಹೇಳಿ. ಫೋಟೋಗೆ ಎಲ್ಲವೂ ಚೆಂದವೇ. ನಾನು ತಿರುಗಿ ಕೇಳುವುದು ಬೇರೆ. ಯಾರ್ಯಾರು ಬರ್ತಿದ್ದೀರಿ? ಮಕ್ಕಳಿಗೆ ಎಷ್ಟು ವಯಸ್ಸು? ಅಜ್ಜಿ ಮೆಟ್ಟಿಲು ಇಳೀತಾರಾ? ನೀರಿಗೆ ಇಳಿಯೋದಾ, ದಡದಲ್ಲಿ ಕೂರೋದಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ಅಲ್ಲೇ ಖಾಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ, ಬೋಟುಗಳೆಲ್ಲ ಬಂದರಿನಲ್ಲೇ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಹಾಗಂತ ಡಿಸೆಂಬರ್ ಬಂದ ಕೂಡಲೇ ಕಡಲು ಸಾಧು ಆಗಿಬಿಡುವುದಿಲ್ಲ. ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ಕು ಹುಡುಗಿಯರು ನೀರುಪಾಲಾಗಿದ್ದು 2024ರ ಡಿಸೆಂಬರ್‌ನಲ್ಲೇ.

ಬೀಚ್ ತಲುಪಿದ ಮೇಲೆ ಚಪ್ಪಲಿ ಬಿಡುವ ಮೊದಲು ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಅಲೆ ಎಲ್ಲಿ ಒಡೆಯುತ್ತಿದೆ? ದೂರದಲ್ಲೇ ಒಡೆದು, ನೊರೆಯಾಗಿ ಉರುಳಿ ಉರುಳಿ ಬಂದು ಕಾಲು ತೊಳೆದು ಹೋಗುತ್ತಿದ್ದರೆ ಅಲ್ಲಿ ನೆಲ ನಿಧಾನವಾಗಿ ಇಳಿಜಾರಾಗಿದೆ. ಮಕ್ಕಳಿಗೆ ಬೇಕಾದದ್ದು ಇದೇ. ದಡಕ್ಕೇ ಬಂದು ಧಡ್ ಅಂತ ಬೀಳುತ್ತಿದ್ದರೆ ನೆಲ ಥಟ್ಟನೆ ಇಳಿದಿದೆ ಎಂದರ್ಥ. ಅಂಥ ಕಡೆ ವಾಪಸ್ ಹೋಗುವ ನೀರು ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ದೊಡ್ಡವರೇ ತೂರಾಡುತ್ತಾರೆ, ಮಗು ಎಲ್ಲಿ ನಿಲ್ಲುತ್ತದೆ? ಮರಳು ಮುಟ್ಟಿದರೂ ಸುಳಿವು ಸಿಗುತ್ತದೆ. ನುಣ್ಣಗೆ, ಗಟ್ಟಿಯಾಗಿ, ಕ್ರಿಕೆಟ್ ಆಡಬಹುದು ಅನ್ನುವ ಹಾಗಿದ್ದರೆ ಇಳಿಜಾರು ಕಡಿಮೆ. ದಪ್ಪ ಮರಳು, ಪಾದ ಹೂತುಹೋಗುತ್ತದೆ ಅಂದರೆ ಸಾಮಾನ್ಯವಾಗಿ ಇಳಿಜಾರು ಜಾಸ್ತಿ.

ಇನ್ನೊಂದು ವಿಷಯ ಹೊರಗಿನಿಂದ ಬಂದವರಿಗೆ ಗೊತ್ತೇ ಆಗುವುದಿಲ್ಲ. ಎರಡೂ ಕಡೆ ಬಿಳಿ ನೊರೆ ಏಳುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯೇ ಒಡೆಯುವುದಿಲ್ಲ, ನೀರು ಕಪ್ಪಗೆ ಶಾಂತವಾಗಿ ಕಾಣುತ್ತದೆ. "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಅಂತ ಜನ ಸರಿಯಾಗಿ ಅಲ್ಲಿಗೇ ಹೋಗುತ್ತಾರೆ. ದಡಕ್ಕೆ ಬಂದ ನೀರು ಕಡಲಿಗೆ ವಾಪಸ್ ಹೋಗುವ ದಾರಿ ಅದು, ಸೆಳೆತ ಇರುವುದೇ ಅಲ್ಲಿ. ಅಕಸ್ಮಾತ್ ಸಿಕ್ಕಿಕೊಂಡರೆ ನೇರ ದಡಕ್ಕೆ ಈಜಲು ಹೋಗಬೇಡಿ, ಕೈಕಾಲು ಸೋತುಹೋಗುತ್ತದೆ. ತೇಲುತ್ತಾ ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ, ಸೆಳೆತ ಬಿಟ್ಟ ಮೇಲೆ ದಡದ ಕಡೆ ತಿರುಗಿ.

ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ, ನೋಡಲಿಕ್ಕೆ ಮಾತ್ರ. ಕೋಡಿಬೆಂಗ್ರೆ, ಸಸಿಹಿತ್ಲು ಎರಡೂ ಇಂಥವೇ. ಒಂದು ಪಕ್ಕ ಹೊಳೆ, ಒಂದು ಪಕ್ಕ ಕಡಲು, ಸಂಜೆ ಹೊತ್ತು ಕಣ್ಣಿಗೆ ಹಬ್ಬ. ಆದರೆ ಇಳಿತದ ಹೊತ್ತಿನಲ್ಲಿ ಹೊಳೆ ನೀರೂ ಕಡಲ ನೀರೂ ಒಟ್ಟಿಗೆ ಹೊರಗೆ ಎಳೆಯುತ್ತವೆ. ನಮ್ಮಪ್ಪ ಮಲ್ಪೆ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುತ್ತಿದ್ದವರು. ಈಜು ಚೆನ್ನಾಗಿ ಬರುತ್ತಿದ್ದ ಅವರೂ ಅಳಿವೆಯಲ್ಲಿ ಕಾಲು ಇಡಲು ನಮ್ಮನ್ನು ಬಿಟ್ಟವರಲ್ಲ.

ಈಗ ಹೆಸರು ಹೇಳುತ್ತೇನೆ.

ಐದಾರು ವರ್ಷದ ಮಕ್ಕಳಿದ್ದರೆ ನನ್ನ ಮೊದಲ ಆಯ್ಕೆ ಪಡುಬಿದ್ರಿ ಅಥವಾ ಹೊನ್ನಾವರದ ಹತ್ತಿರದ ಕಾಸರಕೋಡು. ಎರಡಕ್ಕೂ 2020ರ ಅಕ್ಟೋಬರ್‌ನಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಡೆನ್ಮಾರ್ಕ್‌ನ ಒಂದು ಸಂಸ್ಥೆ ನೀರಿನ ಗುಣಮಟ್ಟ, ಸುರಕ್ಷತೆ, ಸ್ವಚ್ಛತೆ ಅಂತ 33 ಅಂಶ ನೋಡಿ ಕೊಡುವ ಪ್ರಮಾಣಪತ್ರ ಇದು. ನಮ್ಮಂಥವರಿಗೆ ಅದರ ಅರ್ಥ ಇಷ್ಟೇ: ಸ್ನಾನಕ್ಕೆ ಗುರುತು ಹಾಕಿದ ಜಾಗ, ಲೈಫ್‌ಗಾರ್ಡ್, ಶವರ್, ಬಟ್ಟೆ ಬದಲಿಸುವ ಕೋಣೆ, ಟಾಯ್ಲೆಟ್. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇಕಾ? ಟಿಕೆಟ್ ಇದೆ, ಗೊಣಗಬೇಡಿ. ಆದರೆ ಈ ಪ್ರಮಾಣಪತ್ರ ವರ್ಷ ವರ್ಷ ನವೀಕರಣ ಆಗಬೇಕು. ಹೋದ ದಿನ ಬಾವುಟ ಹಾರುತ್ತಿದೆಯಾ, ಲೈಫ್‌ಗಾರ್ಡ್ ಎಷ್ಟು ಗಂಟೆವರೆಗೆ ಇರುತ್ತಾರೆ, ಕೇಳಿಕೊಳ್ಳಿ. ಪಡುಬಿದ್ರಿಯಲ್ಲಿ ಕಾಮಿನಿ ಹೊಳೆ ಸೇರುವ ತುದಿಯ ಕಡೆ ನಡೆದುಕೊಂಡು ಹೋಗಿ, ನೋಡಿ, ವಾಪಸ್ ಬನ್ನಿ. ಸ್ನಾನ ಗುರುತಿನ ಒಳಗೇ.

ಜನ, ಗಲಾಟೆ, ಚುರುಮುರಿ, ಒಂಟೆ ಸವಾರಿ ಎಲ್ಲ ಬೇಕು ಅನ್ನುವವರಿಗೆ ನಮ್ಮ ಮಲ್ಪೆ. ಅಗಲವಾದ ದಡ, ಗಟ್ಟಿ ಮರಳು, ಕಾರಿನಿಂದ ಇಳಿದರೆ ನಾಲ್ಕು ಹೆಜ್ಜೆ. ಭಾನುವಾರ ಸಂಜೆ ಮಾತ್ರ ಬೇಡ, ಮಕ್ಕಳು ಕೈತಪ್ಪಿದರೆ ಹುಡುಕುವುದು ಕಷ್ಟ. ಬೆಳಿಗ್ಗೆ ಹೋದರೆ ಅದೃಷ್ಟ ಇದ್ದವರಿಗೆ ಕೈರಂಪಣಿ, ಅಂದರೆ ದಡದಲ್ಲೇ ನಿಂತು ಕೈಯಲ್ಲಿ ಎಳೆಯುವ ಮೀನಿನ ಬಲೆ, ಎಳೆಯುವುದು ಕಾಣಸಿಗುತ್ತದೆ. ನನ್ನ ಮಗನಿಗೆ ಜಾರುಬಂಡೆ, ಐಸ್‌ಕ್ರೀಮ್ ಎಲ್ಲಕ್ಕಿಂತ ಅದೇ ಇಷ್ಟ. ಅಲ್ಲಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟ್ ಇದೆ, ಕಂಬ ಕಂಬವಾಗಿ ನಿಂತ ಲಾವಾ ಕಲ್ಲು ನೋಡಬಹುದು. ಆದರೆ ಅಲುಗಾಡುವ ಬೋಟ್ ಹತ್ತಿ ಇಳಿಯುವುದು ಮಂಡಿನೋವಿನವರ ಕೈಲಿ ಆಗುವುದಲ್ಲ, ನಮ್ಮತ್ತೆಯನ್ನು ದಡದಲ್ಲೇ ನಾದಿನಿಯ ಜೊತೆ ಬಿಟ್ಟು ಹೋಗುತ್ತೇವೆ.

ವಯಸ್ಸಾದವರೇ ಹೆಚ್ಚು ಇದ್ದರೆ ಮಂಗಳೂರಿನ ತಣ್ಣೀರುಬಾವಿ. ಮರದ ನೆರಳಿದೆ. ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟುವ ದೋಣಿ ಹಿಡಿದರೆ ಅದೇ ಒಂದು ಮಜಾ. ಕಾರವಾರದ ಟ್ಯಾಗೋರ್ ಕಡಲತೀರವೂ ಸರಿ, ಎದುರಿಗೆ ದ್ವೀಪಗಳು ಅಡ್ಡ ಇರುವುದರಿಂದ ಅಲೆ ಅಷ್ಟು ಜೋರಿಲ್ಲ. ಪಕ್ಕದಲ್ಲೇ ಮ್ಯೂಸಿಯಂ ಮಾಡಿದ ಚಾಪಲ್ ಯುದ್ಧನೌಕೆ ಇದೆ, ಹುಡುಗರು ಅದರ ಒಳಗೆ ಹೊಕ್ಕರೆ ಬೇಗ ಹೊರಗೆ ಬರುವುದಿಲ್ಲ.

ಗೋಕರ್ಣ ಅಂತ ಹಟ ಹಿಡಿಯುವವರಿಗೆ ಒಂದು ಮಾತು. ಓಂ ಬೀಚ್, ಕುಡ್ಲೆ ಎರಡಕ್ಕೂ ಮೇಲಿನಿಂದ ಇಳಿಯಬೇಕು, ಇಳಿದವರು ಮತ್ತೆ ಹತ್ತಲೂಬೇಕು. ನೀರಿನಲ್ಲಿ ಬಂಡೆಗಳೂ ಇವೆ. ಅಜ್ಜ ಅಜ್ಜಿ ಇದ್ದರೆ ಮಹಾಬಲೇಶ್ವರ ದೇವಸ್ಥಾನದ ಹತ್ತಿರದ ದೊಡ್ಡ ದಡವೇ ಸಾಕು. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕೆ, ಒಂದು ಕಡೆ ಕಡಲು, ನಡುವೆ ಹೆದ್ದಾರಿ. ಕಾರು ನಿಲ್ಲಿಸಿ ನೋಡಿ, ನೀರಿಗೆ ಬೇಡ. ಹೆದ್ದಾರಿಯಲ್ಲಿ ಲಾರಿಗಳು ಹೋಗುವ ವೇಗಕ್ಕೆ ಮಕ್ಕಳ ಕೈಯನ್ನೂ ಬಿಡಬೇಡಿ. ಸೋಮೇಶ್ವರದಲ್ಲಿ ದೇವರಿಗೆ ಕೈ ಮುಗಿದು ಬಂಡೆಯಿಂದ ದೂರ ಕೂತು ಸೂರ್ಯಾಸ್ತ ನೋಡಿ, ಅಷ್ಟೇ.

ಭರತ-ಇಳಿತದ ಸಮಯ ಮೊಬೈಲ್‌ನಲ್ಲೇ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಭರತ ಜೋರು. ಕಲ್ಲಿನ ತಡೆಗೋಡೆ ಕಟ್ಟಿದ ದಡಗಳಲ್ಲಿ ಆ ಹೊತ್ತಿಗೆ ಮರಳೇ ಉಳಿಯುವುದಿಲ್ಲ, ನೀರು ಕಲ್ಲಿಗೇ ಬಡಿಯುತ್ತದೆ. ತಡೆಗೋಡೆ ಕಂಡರೆ ಮಕ್ಕಳ ಜೊತೆ ಮುಂದಿನ ಬೀಚ್‌ಗೆ ಹೋಗಿ.

ಗಾಳಿ ತುಂಬಿದ ಟ್ಯೂಬ್ ತರಬೇಡಿ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಟ್ಯೂಬ್ ಜೊತೆ ಮಗುವೂ ಹೊರಟುಹೋಗುತ್ತದೆ. ಮಕ್ಕಳಿಗೆ ನೀಲಿ, ಬಿಳಿ ಬಟ್ಟೆ ಬೇಡ, ನೀರಲ್ಲಿ ಕಾಣುವುದಿಲ್ಲ. ಕಿತ್ತಳೆ ಅಥವಾ ಕೆಂಪು ಹಾಕಿ. ಸೀರೆ ಉಟ್ಟು ಇಳಿಯುವವರು ಮೊಣಕಾಲಿನ ಮೇಲೆ ನೀರು ಬಾರದ ಹಾಗೆ ನಿಲ್ಲಿ, ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಏಳಲಾಗುವುದಿಲ್ಲ. ಪ್ರತಿ ಮಗುವಿಗೆ ಒಬ್ಬ ದೊಡ್ಡವರು, ಕೈಗೆ ಎಟುಕುವಷ್ಟು ದೂರದಲ್ಲಿ, ಫೋನ್ ಬ್ಯಾಗಿನಲ್ಲಿ. "ಎಲ್ಲರೂ ನೋಡ್ತಾ ಇದ್ದೀವಲ್ಲ" ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ. ಬೆಳಿಗ್ಗೆ ಒಂಬತ್ತರ ಒಳಗೆ, ಇಲ್ಲವೇ ನಾಲ್ಕರ ಮೇಲೆ ಹೋಗಿ. ಕತ್ತಲಾಗುವ ಮೊದಲು ಎಲ್ಲರೂ ನೀರಿನಿಂದ ಹೊರಗೆ.

ರೂಮಿನ ವಿಷಯಕ್ಕೆ ಬಂದರೆ, ಕಿಟಕಿಯಿಂದ ಕಡಲು ಕಾಣುತ್ತದಾ ಅನ್ನುವುದಕ್ಕಿಂತ ಬೀಚ್‌ಗೆ ಹೋಗಲು ಹೆದ್ದಾರಿ ದಾಟಬೇಕಾ ಅಂತ ಕೇಳಿ. ಸಿಹಿ ನೀರು ಸಾಕಷ್ಟಿದೆಯಾ ಅಂತಲೂ ಕೇಳಿ. ಮಾರ್ಚ್ ದಾಟಿದ ಮೇಲೆ ದಡದ ಹತ್ತಿರದ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಕಡಲಲ್ಲಿ ಮಿಂದು ಬಂದ ಮಕ್ಕಳಿಗೆ ಮತ್ತೆ ಉಪ್ಪು ನೀರಿನಲ್ಲೇ ಸ್ನಾನ ಮಾಡಿಸಿದರೆ ರಾತ್ರಿಯೆಲ್ಲ ಮೈ ಕೆರೆದುಕೊಂಡು ಅಳುತ್ತವೆ, ನಿಮಗೂ ನಿದ್ದೆ ಇಲ್ಲ.